ತಂಬೂರಿಯ ನಾದ ಆರುವಾಗ ಕರಕರ ಅನ್ನುವುದೇಕೆ? 32 ಬಿಟ್ ಇಂಟರ್‌ಫೇಸ್ ಕೊಂಡರೆ ಸರಿಹೋಗುತ್ತದೆಯೇ?

24 ಬಿಟ್‌ ರೆಕಾರ್ಡಿಂಗ್ ಚೆನ್ನಾಗಿದೆ, 16 ಬಿಟ್ ವೇವ್ ಫೈಲ್ ಮಾಡಿದಾಗ ಮಾತ್ರ ಕೊನೆಯ ಫೇಡ್ ಔಟ್‌ನಲ್ಲಿ ಕರಕರ ಎಂದಿದ್ದೀರಿ. ಹಾಗಿದ್ದರೆ ದುಡ್ಡು ಉಳಿಸಿಕೊಳ್ಳಿ, ತಪ್ಪು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಇಂಟರ್‌ಫೇಸಿನದಲ್ಲ.

24 ಬಿಟ್‌ಗೆ ಲೆಕ್ಕದಲ್ಲಿ ಅತಿ ಸಣ್ಣ ಸದ್ದಿನಿಂದ ಅತಿ ದೊಡ್ಡ ಸದ್ದಿನವರೆಗೆ 146 ಡೆಸಿಬೆಲ್ ವ್ಯಾಪ್ತಿ; ಬಿಟ್ ಹೆಚ್ಚಿದಷ್ಟೂ ಸದ್ದನ್ನು ಅಳೆಯುವ ಮೆಟ್ಟಿಲು ಸಣ್ಣದು. ಸದ್ದನ್ನು ಅಂಕಿಯಾಗಿಸುವ ಒಳ್ಳೆಯ ಕನ್ವರ್ಟರ್ ನಿಜಕ್ಕೂ ಕೊಡುವುದು 120ರ ಆಸುಪಾಸು, ಅಂದರೆ ಹೆಚ್ಚುಕಡಿಮೆ 20 ಬಿಟ್. ಕೆಳಗಿನ ಬಿಟ್‌ಗಳಲ್ಲಿರುವುದು ಬರೀ ಗದ್ದಲ. ಪೂರ್ಣ ಮಟ್ಟ 2 ವೋಲ್ಟ್ ಆರ್‌ಎಂಎಸ್ ಇದ್ದರೆ 24 ಬಿಟ್‌ನ ಒಂದು ಮೆಟ್ಟಿಲು ಸುಮಾರು 0.34 ಮೈಕ್ರೋವೋಲ್ಟ್, ಸುಮ್ಮನೆ ಕೂತ 1 ಕಿಲೋಓಮ್ ರೆಸಿಸ್ಟರ್ ಕೂಡ 20 ಕಿಲೋಹರ್ಟ್ಸ್‌ವರೆಗೆ 0.57 ಮೈಕ್ರೋವೋಲ್ಟ್‌ನಷ್ಟು ಗದ್ದಲ ಮಾಡುತ್ತದೆ. ಈ ಗದ್ದಲ ಉಪಕಾರಿ. ಮೆಟ್ಟಿಲಿಗಿಂತ ಸಣ್ಣ ಸ್ವರವನ್ನೂ ಅದು ಆಚೀಚೆ ಅಲುಗಾಡಿಸಿ ಅಂಕಿಗಳೊಳಗೆ ದಾಟಿಸುತ್ತದೆ.

ಫೇಡ್ ಔಟ್ ಹಾಕಿದಾಗ ತಂಬೂರಿಯ ಜೊತೆ ಮೈಕಿನ ಸುಯ್ ಸದ್ದೂ ತಗ್ಗುತ್ತದೆ. ಎರಡೂ 16 ಬಿಟ್‌ನ ಕೊನೆಯ ಮೆಟ್ಟಿಲಿಗೆ, ಅಂದರೆ ಸುಮಾರು −90 ಡೆಸಿಬೆಲ್‌ಗೆ ಇಳಿದಾಗ ಅಲುಗಾಡಿಸುವವರು ಯಾರೂ ಇಲ್ಲ. ನುಣುಪಾದ ಅಲೆ −1, 0, +1 ಎಂಬ ಮೂರೇ ಮೆಟ್ಟಿಲಾಗುತ್ತದೆ. ಆ ಚೌಕದ ಅಂಚುಗಳೇ ನಿಮ್ಮ ಕರಕರ. ಇದಕ್ಕೆ ಮದ್ದು ಡಿದರ್, ಅಂದರೆ 16 ಬಿಟ್‌ಗೆ ಇಳಿಸುವಾಗ ಬೇಕೆಂದೇ ಬೆರೆಸುವ ಸಣ್ಣ ಗದ್ದಲ.

ನಂಬಿಕೆ ಬರದಿದ್ದರೆ ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ 32 ಬಿಟ್ ಫ್ಲೋಟ್ ಟ್ರ್ಯಾಕ್ ತೆರೆದು, 1000 ಹರ್ಟ್ಸ್ ಸೈನ್ ಅಲೆಯನ್ನು ಆಂಪ್ಲಿಟ್ಯೂಡ್ 1ಕ್ಕೆ ಹುಟ್ಟಿಸಿ. ಆಂಪ್ಲಿಫೈಯಲ್ಲಿ −50 ಡೆಸಿಬೆಲ್ ಎರಡು ಸಲ ಕೊಡಿ. ಕ್ವಾಲಿಟಿ ಸೆಟ್ಟಿಂಗ್‌ನ ಹೈ ಕ್ವಾಲಿಟಿ ಸಾಲಿನಲ್ಲಿ ಡಿದರ್ 'ನನ್' ಇಟ್ಟು 16 ಬಿಟ್‌ಗೆ ಎಕ್ಸ್‌ಪೋರ್ಟ್ ಮಾಡಿ, ಮತ್ತೆ ತೆರೆದು 50 ಡೆಸಿಬೆಲ್ ಏರಿಸಿ. ಏನೂ ಇರುವುದಿಲ್ಲ, ಬರೀ ಸೊನ್ನೆ. ಈಗ ಡಿದರ್ 'ಟ್ರಯಾಂಗಲ್' ಇಟ್ಟು ಅದನ್ನೇ ಮಾಡಿ. ಸುಯ್ ಸದ್ದಿನೊಳಗೆ ಅದೇ ಸ್ವರ ಸಣ್ಣಗೆ ಕೇಳುತ್ತದೆ!

ಇದಕ್ಕೆ ತೆರುವ ಬೆಲೆ ಸುಮಾರು 4.8 ಡೆಸಿಬೆಲ್ ಹೆಚ್ಚು ಗದ್ದಲ. ಮನೆಯ ಫ್ಯಾನ್ ಸದ್ದಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಫೇಡ್, ಇಕ್ಯೂ, ಸ್ಯಾಂಪಲ್ ರೇಟ್ ಬದಲಾವಣೆ ಎಲ್ಲ ಮುಗಿದ ಮೇಲೆ ಡಿದರ್ ಒಂದೇ ಸಲ, ಎಕ್ಸ್‌ಪೋರ್ಟ್ ಹೊತ್ತಿಗೆ ಹಾಕಿ. ಆ 16 ಬಿಟ್ ಫೈಲನ್ನು ಮತ್ತೆ ತೆರೆದು ವಾಲ್ಯೂಮ್ ಇಳಿಸಿ ಡಿದರ್ ಇಲ್ಲದೆ ಉಳಿಸಿದರೆ ಕರಕರ ಮರಳಿ ಬರುತ್ತದೆ. ರೀಪರ್ ತಂತ್ರಾಂಶ ಬಳಸುವವರು ರೆಂಡರ್ ಕಿಟಕಿಯಲ್ಲಿ ಡಿದರ್ ಟಿಕ್ ಆಗಿದೆಯೇ ನೋಡಿಕೊಳ್ಳಿ. ಎಂಪಿ3 ಬೇಕಿದ್ದರೆ 24 ಬಿಟ್‌ನಿಂದಲೇ ನೇರ ಮಾಡಿ, 16ರ ಮೆಟ್ಟಿಲು ಹತ್ತುವುದೇ ಬೇಡ.