ಮೋರೆ ಗಡಿ ಲೇಖನದ ಬಗ್ಗೆ ನಿಮಗೊಂದು ಉತ್ತರ

ನಮಸ್ಕಾರ. ಮಣಿಪುರದ ಗಡಿ ಊರು ಮೋರೆ ಮೂಲಕ ಮ್ಯಾನ್ಮಾರ್ ಜೊತೆ ನಡೆಯೋ ಗಡಿ ವ್ಯಾಪಾರದ ಬಗ್ಗೆ ನೀವು ಕಳ್ಸಿದ ಲೇಖನ ಪೂರ್ತಿ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ಕೈಬಿಡಬೇಡಿ, ಸಾಗರದ ಕಡೆ ಅಡಿಕೆ ತೋಟದ ಮನೇಲಿ ಬೆಳೆದೋರು ಇದನ್ನ ಬರೀಲೇಬೇಕು.

ತೊಂದ್ರೆ ಏನಂದ್ರೆ, ಬರ್ಮಾದಿಂದ (ಅಂದ್ರೆ ಮ್ಯಾನ್ಮಾರ್‌ನಿಂದ) ಕದ್ದು ಬರೋ ಅಡಿಕೆ ಮೇಲಿನ ಸಿಟ್ಟಲ್ಲಿ ಗಡಿ ದಾಟೋರನ್ನೆಲ್ಲ ಕಳ್ಳಸಾಗಣೆದಾರರು ಅಂದುಬಿಟ್ಟಿದೀರ. ಆಚೆ ಕಡೆ ನಾಂಫಾಲಾಂಗ್ ಮಾರ್ಕೆಟ್ಟಿಂದ ಕಂಬಳಿ, ಚಪ್ಪಲಿ ಹೊತ್ಕೊಂಡು ಬಂದು ಮಾರಿ ಮನೆ ನಡೆಸೋ ಹೆಂಗಸೂ, ಲಾರಿಗಟ್ಟಲೆ ಅಡಿಕೆ ದಾಟಿಸೋ ಕುಳಾನೂ ಒಂದೇನಾ?

ಇನ್ನೊಂದು, ನಿಮ್ಮ ಲೇಖನದಲ್ಲಿ ಇರಲೇಬೇಕಿದ್ದ ವಿಷಯ ಬಿಟ್ಟುಹೋಗಿದೆ. 1994ರಲ್ಲಿ ಒಪ್ಪಂದ ಆಗಿ 1995ರ ಏಪ್ರಿಲ್‌ನಲ್ಲಿ ಮೋರೆ ವ್ಯಾಪಾರ ಶುರುವಾದಾಗ, ಸರಕಿಗೆ ಸರಕು ಕೊಟ್ಟು ತಗೊಳೋಕೆ ಒಪ್ಪಿದ 22 ವಸ್ತುಗಳ ಪಟ್ಟೀಲಿ ಅಡಿಕೆ, ವೀಳ್ಯದೆಲೆನೂ ಇತ್ತು! ಅಂದ್ರೆ ಇವತ್ತು ಕಳ್ಳಮಾಲು ಅನ್ಸಿಕೊಳ್ಳೋದು ಅವತ್ತು ಕಾನೂನು ಪ್ರಕಾರನೇ ಬರ್ತಿತ್ತು. ಪಟ್ಟಿ 2012ಕ್ಕೆ 62 ಆಯ್ತು, 2015ರ ಕೊನೇಲಿ ಈ ಸರಕಿಗೆ ಸರಕು ಪದ್ಧತಿ (ಬಾರ್ಟರ್) ನಿಲ್ಸಿ ಎಲ್ಲ ಮಾಮೂಲಿ ಆಮದು-ರಫ್ತು ಥರ, ಲೈಸೆನ್ಸು ಬ್ಯಾಂಕು ಕಾಗದಪತ್ರದ ಮೂಲಕನೇ ಆಗ್ಬೇಕು ಅಂದ್ರು. ಇದನ್ನ ನೀವು ‘ಸುಧಾರಣೆ’ ಅಂತ ಒಂದೇ ಸಾಲಲ್ಲಿ ಮುಗಿಸಿದೀರ. ತಲೆಹೊರೆ ವ್ಯಾಪಾರದೋರಿಗೆ ಅಷ್ಟೆಲ್ಲ ಕಾಗದ ಎಲ್ಲಿಂದ ಬರ್ಬೇಕು, ಅವ್ರು ಏನ್ ಮಾಡಿದ್ರು? ಲೇಖನದ ಜೀವ ಇರೋದೇ ಅಲ್ಲಿ.

ಅಡಿಕೆ ಭಾಗದಲ್ಲೂ ಧೈರ್ಯ ಮಾಡಿ. 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ, ಅಂದ್ರೆ ಅದಕ್ಕಿಂತ ಕಮ್ಮಿಗೆ ಹೊರಗಿಂದ ತರಿಸೋ ಹಾಗಿಲ್ಲ ಅನ್ನೋ ಮಿತಿನ, ಕೆಜಿಗೆ 251ರಿಂದ 351 ರೂಪಾಯಿ ಮಾಡಿದ್ದು ನಮ್ಮ ಬೆಳೆಗಾರರ ರಕ್ಷಣೆಗೆ, ಅದು ಬೇಕಿತ್ತು ಅಂತ ನಾನೂ ಒಪ್ತೀನಿ, ಆದ್ರೆ ಅಲ್ಲಿನ ಬೆಲೆಗೂ ಇಲ್ಲಿನ ಬೆಲೆಗೂ ಅಂತರ ಹೆಚ್ಚಾದಷ್ಟೂ ಕದ್ದು ತರೋನ ಲಾಭಾನೂ ಹೆಚ್ಚುತ್ತೆ ತಾನೇ. ಊರೋರು ಬೇಜಾರಾಗ್ತಾರೆ ಅಂತ ಇದನ್ನ ಬಿಡಬೇಡಿ.

‘ಪ್ರಾದೇಶಿಕ ಆರ್ಥಿಕ ಏಕೀಕರಣ’ ಅಂತ ಮೂರು ಪುಟ ಇದೆಯಲ್ಲ, ಅದನ್ನ ಪೂರ್ತಿ ತೆಗೀರಿ. ಅದ್ರ ಬದ್ಲು ಮೋರೆಯ ತಮಿಳರ ಬಗ್ಗೆ ಬರೀರಿ, 1960ರ ದಶಕದಲ್ಲಿ ಬರ್ಮಾ ಬಿಟ್ಟು ಬಂದೋರು, ಗಡಿಯಲ್ಲೇ ನೆಲೆ ನಿಂತು ವ್ಯಾಪಾರ ಕಟ್ಟಿದ್ರು. 2021ರಲ್ಲಿ ಮ್ಯಾನ್ಮಾರ್‌ನ ಮಿಲಿಟರಿ ದಂಗೆ, 2023ರ ಮೇ ತಿಂಗಳ ಮಣಿಪುರದ ಗಲಭೆ, ಗಡಿಯೋರು ವೀಸಾ ಇಲ್ದೆ ಆಚೆ ಕಡೆ 16 ಕಿಲೋಮೀಟರ್‌ವರೆಗೆ ಹೋಗಿಬರೋ ಮುಕ್ತ ಓಡಾಟ ನಿಲ್ಲಿಸ್ತೀವಿ ಅಂತ 2024ರಲ್ಲಿ ಆದ ಘೋಷಣೆ, ಇವೆಲ್ಲ ಕ್ರಮವಾಗಿ ಬರಲಿ.

ಒಂದ್ಸಾವಿರ ಪದಕ್ಕೆ ಇಳ್ಸಿ, ತಿಂಗಳೊಳಗೆ ಕಳ್ಸಿ, ನಾನೇ ಕೂತು ಓದ್ತೀನಿ.