ಟಿಬಿ ಮಾತ್ರೆಗೂ ಬಂಗುಡೆಗೂ ಆಗದು

ಪ್ರಶ್ನೆ: ಅಪ್ಪನ ತೂಕ 52 ಕೆ.ಜಿ. ಟಿಬಿ ಮಾತ್ರೆ ಶುರುಮಾಡಿ 12 ದಿನ. ದಿನಕ್ಕೆ ನಾಲ್ಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಮೊನ್ನೆ ಬಂಗುಡೆ ಪುಳಿಮುಂಚಿ ಉಂಡು ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ತಲೆ ಸಿಡಿದು, ಎದೆ ಡವಡವ ಹೊಡೆದುಕೊಂಡಿತು. ಅದೇ ಸಾರು ಉಂಡ ನಮಗೇನೂ ಆಗಲಿಲ್ಲ. ಮಾತ್ರೆ ನಿಲ್ಲಿಸೋಣವೇ?
– ಓದುಗರು, ಮಲ್ಪೆ

ಉತ್ತರ: ಮಾತ್ರೆ ನಿಲ್ಲಿಸಬೇಡಿ, ಬಂಗುಡೆ ನಿಲ್ಲಿಸಿ. 50ರಿಂದ 64 ಕೆ.ಜಿ.ಯವರಿಗೆ ನಾಲ್ಕು ಮಾತ್ರೆ ಸರಿಯಾದ ಲೆಕ್ಕವೇ. ಒಂದೊಂದರಲ್ಲೂ ಐಸೋನಿಯಜಿಡ್ 75, ರಿಫಾಂಪಿಸಿನ್ 150, ಪೈರಜಿನಮೈಡ್ 400, ಎಥಾಂಬುಟಾಲ್ 275 ಮಿ.ಗ್ರಾಂ ಇರುತ್ತದೆ.

ಐಸ್ ತಪ್ಪಿದ ಬಂಗುಡೆ, ಬೂತಾಯಿ, ಕೇದರದಲ್ಲಿ ಬ್ಯಾಕ್ಟೀರಿಯಾ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟಿಸುತ್ತದೆ. ಮುಖ ಕೆಂಪಾಗಿಸಿ ತಲೆ ಸಿಡಿಸುವುದು ಅದೇ. ಎಷ್ಟು ಕುದಿಸಿದರೂ, ಹುರಿದರೂ ಅದು ಹೋಗದು. ನಿಮ್ಮ ಹೊಟ್ಟೆಯ ಕಿಣ್ವ ಅದನ್ನು ಒಡೆದುಹಾಕಿತು. ಅಪ್ಪನಲ್ಲಿ ಆ ಕಿಣ್ವವನ್ನೇ ಐಸೋನಿಯಜಿಡ್ ತಡೆದಿರಬೇಕು. ಅಂಜಲ್ ಕೂಡ ಬಂಗುಡೆಯ ಬಳಗದ್ದೇ, ಒಣಮೀನೂ ಬೇಡ. ಮೀನಿಲ್ಲದೆ ಅನ್ನ ಇಳಿಯದಿದ್ದರೆ ತಾಜಾ ಕಾಣೆ, ನಂಗ್ ತರಿಸಿ. ನಡೆದದ್ದನ್ನು ವೈದ್ಯರ ಕಿವಿಗೆ ಹಾಕಿ. ಮತ್ತೆ ಹೀಗಾಗಿ ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಕಿತ್ತಳೆ ಬಣ್ಣ ರಿಫಾಂಪಿಸಿನ್‌ದು. ಬೆವರು, ಕಣ್ಣೀರಿಗೂ ಬರುತ್ತದೆ, ಬನಿಯನ್‌ಗೂ ಕಲೆ. ಮಾತ್ರೆ ನುಂಗಿದ ಕೆಲವು ಗಂಟೆ ಗಾಢವಾಗಿದ್ದು ಮರುದಿನ ಬೆಳಿಗ್ಗೆಗೆ ತಿಳಿಯಾಗುತ್ತದೆ. ಇಡೀ ದಿನ ಕಡುಚಹಾದ ಬಣ್ಣವಿದ್ದು, ಊಟ ಸೇರದೆ ವಾಂತಿಯಾದರೆ ಯಕೃತ್ತಿಗೆ ಪೆಟ್ಟು ಬಿದ್ದಿರಬಹುದು. ಕಣ್ಣಿನ ಬಿಳಿಭಾಗವನ್ನು ಟ್ಯೂಬ್‌ಲೈಟಿನಲ್ಲಲ್ಲ, ಅಂಗಳದ ಬೆಳಕಿನಲ್ಲಿ ನೋಡಿ. ಹಳದಿ ಕಂಡರೆ ಆಗ ಮಾತ್ರೆ ತಡೆಹಿಡಿದು ಅಂದೇ ರಕ್ತ ಪರೀಕ್ಷೆ ಮಾಡಿಸಿ. ಮತ್ತೆ ಯಾವುದನ್ನು ಯಾವಾಗ ಶುರುಮಾಡುವುದೆಂದು ವೈದ್ಯರೇ ಹೇಳಬೇಕು. ಕಾಮಾಲೆಗೆಂದು ನಾಟಿ ಮದ್ದು ಕುಡಿಸುತ್ತ ಇತ್ತ ಮಾತ್ರೆಯನ್ನೂ ಮುಂದುವರಿಸುವುದು ನಮ್ಮ ಕರಾವಳಿಯಲ್ಲಿ ಆಗುವ ಅಪಾಯಕಾರಿ ತಪ್ಪು. ಶೇಂದಿ, ಸಾರಾಯಿ ಸಂಪೂರ್ಣ ಬಂದ್.

ಮಾತ್ರೆ ಗಂಜಿಗೆ ಒಂದು ಗಂಟೆ ಮೊದಲು, ನಾಲ್ಕೂ ಒಟ್ಟಿಗೆ. ಪಾದ ಜುಮುಗುಟ್ಟದಂತೆ ಬಿ6 ಮಾತ್ರೆ 10 ಮಿ.ಗ್ರಾಂ ಕೊಡುತ್ತಾರೆ, ಬಿಡಬೇಡಿ. ಕೆಂಪು-ಹಸಿರು ಬಣ್ಣ ಮಸುಕಾದರೆ ಎಥಾಂಬುಟಾಲ್‌ನ ಕಾಟವಿರಬಹುದು, ಅದನ್ನೂ ತಡಮಾಡದೆ ಹೇಳಿ.

ಪ್ರಶ್ನೆ: ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದೇನೆ. ಟಿಬಿ ಮಾತ್ರೆ ಜತೆ ನಡೆಯುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ನಂಬುವಂತಿಲ್ಲ. ರಿಫಾಂಪಿಸಿನ್‌ನಿಂದಾಗಿ ಯಕೃತ್ತು ಆ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತದೆ. ಕೋರ್ಸ್ ಮುಗಿದ ಮೇಲೂ ನಾಲ್ಕು ವಾರ ಹೀಗೇ. ಕಾಪರ್-ಟಿ ಹಾಕಿಸಿಕೊಳ್ಳಿ, ಅಲ್ಲಿಯವರೆಗೆ ಕಾಂಡೋಮ್.