ಓದಲ್ಲ ಅಂತ ಹಟ ಹಿಡಿದವಳು

ಕೌನ್ಸೆಲಿಂಗ್‌ಗೆ ಅಂತ ನನಗೆ ಫೋನ್ ಮಾಡಿದ ಹುಡುಗಿಯೊಬ್ಬಳ ಕತೆ ಇದು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಘೋಷಿಸಿದ ಮೇಲೆ ಕ್ಯಾಂಪಸ್‌ಗಳು ಮುಚ್ಚಿದವಲ್ಲ, ಆ ವರ್ಷದ ಮಾತು. ಕೊನೆಯ ವರ್ಷದ ವಿಜ್ಞಾನ ವಿದ್ಯಾರ್ಥಿನಿ. ಫೋನಿನಲ್ಲಿ ಹೇಳಿದ ಮೊದಲ ಮಾತೇ ಇದು: "ಮೇಡಂ, ಓದೋಕೆ ಆಗ್ತಿಲ್ಲ ಅಂತಲ್ಲ. ಓದಬಾರದು ಅಂತ ತೀರ್ಮಾನ ಮಾಡಿದ್ದೀನಿ."

ಪರೀಕ್ಷೆ ಮುಂದಕ್ಕೆ ಹೋಯಿತು, ಆಮೇಲೆ ಆನ್‌ಲೈನ್ ಅಂದರು, ಆಮೇಲೆ ಅದೂ ಇಲ್ಲ, ಅಸೈನ್‌ಮೆಂಟ್ ಅಂದರು. ಪ್ರತಿ ನೋಟಿಸೂ ರಾತ್ರಿ ಹೊತ್ತು, ಕಾರಣ ಇಲ್ಲದೆ. ಲ್ಯಾಬ್ ನಡೆದೇ ಇಲ್ಲ, ಆದರೂ ಲ್ಯಾಬ್ ಅಂಕ ಕೊಡುತ್ತಾರಂತೆ. ಹೇಗೆ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಫೀಸು ಮಾತ್ರ ಪೂರ್ತಿ.

ನಿದ್ದೆ, ಊಟ, ಬದುಕು ಸಾಕು ಅನ್ನಿಸುತ್ತಿದೆಯಾ ಅನ್ನುವುದನ್ನು ಮೊದಲು ನೇರವಾಗಿ ಕೇಳಿದೆ. ಮಂಕುತನ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಎಡೆಬಿಡದೆ ಇದ್ದರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಇವಳಿಗಿದ್ದದ್ದು ಸಿಟ್ಟು, ಅದೂ ನ್ಯಾಯವಾದ ಸಿಟ್ಟು. ಇಂಥವರಿಗೆ "ಪಾಸಿಟಿವ್ ಆಗಿರಮ್ಮ" ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪರೀಕ್ಷೆ ರದ್ದಾಗಿದ್ದ ಎ-ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ) ಮಕ್ಕಳಿಗೆ ಒಂದು ಲೆಕ್ಕಸೂತ್ರದಿಂದ ಗ್ರೇಡ್ ಕೊಟ್ಟರು. ಶಿಕ್ಷಕರು ಅಂದಾಜಿಸಿದ್ದ ಗ್ರೇಡ್‌ಗಳಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಕೆಳಗಿಳಿದವು. ಮಕ್ಕಳು ಬೀದಿಗೆ ಬಂದರು, ಆಗಸ್ಟ್ 17ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಆ ಮಕ್ಕಳಿಗೆ ಕೌನ್ಸೆಲಿಂಗ್ ಕೊಟ್ಟು ಸುಮ್ನೆ ಕೂರಿಸಬೇಕಿತ್ತಾ?

ನಾವು ನೆಚ್ಚಿಕೊಂಡ ಸಂಸ್ಥೆಯೇ ಕೈಬಿಟ್ಟಾಗ ನೋವು ಜಾಸ್ತಿ. ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೈಡ್ ಇದನ್ನು ಸಂಸ್ಥೆಯ ದ್ರೋಹ ಎಂದೇ ಕರೆಯುತ್ತಾರೆ. ಆದರೆ ಇವಳ ಸಿಟ್ಟು ಒಟ್ಟಾರೆ ಎಲ್ಲರ ಮೇಲೂ ಹರಡಿಕೊಂಡಿತ್ತು, ಕೊನೆಗೆ ಅವಳ ಪುಸ್ತಕದ ಮೇಲೂ. ನಂಬಿಕೆಯನ್ನು ಮೂರಾಗಿ ಒಡೆದು ನೋಡುವ ಕ್ರಮವೊಂದಿದೆ, 1995ರಲ್ಲಿ ಮೇಯರ್, ಡೇವಿಸ್, ಸ್ಕೂರ್ಮನ್ ಬರೆದದ್ದು: ಇವರ ಕೈಲಾಗುತ್ತದಾ, ನಮ್ಮ ಒಳಿತು ಇವರಿಗೆ ಬೇಕಾ, ನೇರವಾಗಿ ನಡೆದುಕೊಳ್ಳುತ್ತಾರಾ. ಒಂದೊಂದು ನೋಟಿಸನ್ನೂ ಇದಕ್ಕೆ ಹಚ್ಚಿ ನೋಡು ಅಂದೆ. ಬಹಳಷ್ಟು "ಕೈಲಾಗಲಿಲ್ಲ" ಅನ್ನುವ ಕಡೆ ಬಿದ್ದವು. ಮೇಷ್ಟ್ರುಗಳೇ ಆಗಷ್ಟೇ ವಿಡಿಯೋ ಪಾಠ ಕಲಿಯುತ್ತಿದ್ದರು, ಪಾಪ. ಲ್ಯಾಬ್ ಅಂಕದ ಮೌನ ಮಾತ್ರ ಮೂರನೆಯದಕ್ಕೆ ಹೋಯಿತು.

ಹಾಗಾದರೆ ಜಗಳ ಅಲ್ಲೇ ಆಡು ಅಂದೆ. ಹತ್ತು ದೂರು ಬೇಡ, ಒಂದೇ ಪ್ರಶ್ನೆ: ಲ್ಯಾಬ್ ಅಂಕ ಯಾವ ಆಧಾರದ ಮೇಲೆ, ಯಾವ ತಾರೀಕಿನೊಳಗೆ ತಿಳಿಸುತ್ತೀರಿ? ಗೆಳೆಯರ ಸಹಿ ಹಾಕಿಸಿ ವಿಭಾಗದ ಮುಖ್ಯಸ್ಥರಿಗೆ ಕಳಿಸು, ಪರೀಕ್ಷಾ ವಿಭಾಗಕ್ಕೂ ಒಂದು ಪ್ರತಿ. ಹಳೆಯ ನೋಟಿಸುಗಳನ್ನು ತಾರೀಕಿನ ಸಮೇತ ಇಟ್ಟುಕೋ. ಹೊಸದನ್ನು ದಿನಕ್ಕೆ ಒಂದು ಸಲ ನೋಡಿದರೆ ಸಾಕು. ಮತ್ತೆ, ಪರೀಕ್ಷೆ ಯಾವ ರೂಪದಲ್ಲಿ ಬಂದರೂ ಬೇಕಾಗುವ ಪಾಠಗಳನ್ನು ಇವತ್ತೇ ಶುರು ಮಾಡು.

"ಓದಿದರೆ ಅವರೇ ಗೆದ್ದ ಹಾಗಲ್ವಾ?"

"ನೀನು ಓದದೆ ಕೂತಿದ್ದೀಯ ಅನ್ನೋದು ಅವರಿಗೆ ಗೊತ್ತೂ ಆಗಲ್ಲ ಕಣಮ್ಮ."

ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ನಕ್ಕಳು.

ಪತ್ರಕ್ಕೆ ಉತ್ತರ ಬಂತು, ಅರ್ಧಂಬರ್ಧ. ಹಿಂದಿನ ಸೆಮಿಸ್ಟರಿನ ಲ್ಯಾಬ್ ಅಂಕದ ಸರಾಸರಿ ಹಿಡಿಯುತ್ತಾರಂತೆ. ಫೀಸಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಅವಳು ಪರೀಕ್ಷೆ ಮುಗಿಸಿದಳು. ಈಗ ಅವರ ಮೇಲೆ ನಂಬಿಕೆ ಬಂತಾ ಅಂತ ಕೇಳಿದರೆ "ಇಲ್ಲ" ಅಂದಳು. ಅದನ್ನು ತಿದ್ದಲು ನಾನು ಹೋಗಲಿಲ್ಲ, ಆ ಕೆಲಸ ಆ ಕಚೇರಿಯವರದು.